ಪದ್ಮಿನಿ, ಅಂಬಾಸಿಡರ್‌ನಂಥ ಹಳೆಯ ಕಾರುಗಳಿಗೆ ಮುಂದಿನ ಗಾಜನ್ನು ಎಲ್ಲಿ ಹುಡುಕಬೇಕು, ಹೇಗೆ ಕೂರಿಸಬೇಕು?

ತಯಾರಿಕೆ ನಿಂತುಹೋಗಿರುವ ಈ ಕಾರುಗಳ ಗಾಜನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ವಿಚಾರಿಸಬೇಕು. ಮಾದರಿಯ ಹೆಸರನ್ನಷ್ಟೇ ಹೇಳಿದರೆ ಸಾಲದು. ಹಳೆಯ ಗಾಜು ಪೂರ್ತಿ ಒಡೆಯದೆ ಉಳಿದಿದ್ದರೆ ಅದರ ಅಂಚಿನ ಅಚ್ಚನ್ನು ಕಾಗದದ ಮೇಲೆ ತೆಗೆದುಕೊಂಡು ಹೋಗುವುದು ಒಳ್ಳೆಯದು. ಕೊಳ್ಳುವುದು ಲ್ಯಾಮಿನೇಟೆಡ್ ಗಾಜೇ ಆಗಿರಲಿ ಎಂದು ಒತ್ತಿ ಹೇಳುತ್ತೇನೆ. ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಒಂದೇ ಹಾಳೆಯ ಗಾಜು, ಕಲ್ಲು ಬಡಿದಾಗ ಒಮ್ಮೆಗೇ ಹರಳುಹರಳಾಗಿ ಒಡೆದು ಎದುರಿನ ದಾರಿಯೇ ಕಾಣದಂತಾಗುತ್ತದೆ. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಹಾಳೆಗಳ ನಡುವಿನ ಪ್ಲಾಸ್ಟಿಕ್ ಪದರವು ಚೂರುಗಳನ್ನು ಹಿಡಿದಿಡುತ್ತದೆ.

ಈ ಕಾರುಗಳಲ್ಲಿ ಗಾಜು ನಿಲ್ಲುವುದು ಅಂಟಿನಿಂದಲ್ಲ, ರಬ್ಬರ್ ಬೀಡಿಂಗಿನಿಂದ, ಅಂದರೆ ಸುತ್ತಲಿನ ರಬ್ಬರ್ ಅಂಚುಪಟ್ಟಿಯಿಂದ. ಹಳೆಯ ರಬ್ಬರು ಗಡುಸಾಗಿ ನೀರು ಸೋರುವುದರಿಂದ ಅದನ್ನು ಮತ್ತೆ ಬಳಸಬೇಡಿ. ಚೌಕಟ್ಟಿನ ತುಕ್ಕನ್ನು ಕೆರೆದು ಪ್ರೈಮರ್ ಹಚ್ಚಿ ಒಣಗಿಸಿದ ಮೇಲೆ, ಹೊಸ ರಬ್ಬರನ್ನು ಗಾಜಿಗೆ ತೊಡಿಸಿ, ಚೌಕಟ್ಟನ್ನು ಹಿಡಿಯುವ ಅದರ ಹೊರಬದಿಯ ಸೀಳಿನಲ್ಲಿ ಗಟ್ಟಿ ದಾರವನ್ನು ಸುತ್ತಲೂ ಕೂರಿಸಿ ಸೋಪಿನ ನೀರು ಸವರಬೇಕು. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿರುವಾಗ ಇನ್ನೊಬ್ಬರು ಒಳಗೆ ಕುಳಿತು, ಕೆಳಗಿನ ಅಂಚಿನ ನಡುವಿನಿಂದ ದಾರವನ್ನು ನಿಧಾನವಾಗಿ ಎಳೆದರೆ ರಬ್ಬರಿನ ತುಟಿಯಂಥ ಅಂಚು ಚೌಕಟ್ಟಿನ ಒಳಕ್ಕೆ ಹೊರಳಿ ಕೂರುತ್ತದೆ. ಎಲ್ಲಿಯೂ ಬಡಿಯಬಾರದು; ಲ್ಯಾಮಿನೇಟೆಡ್ ಗಾಜು ಅಂಚಿನಲ್ಲಿ ಬಲು ಬೇಗ ಬಿರುಕು ಬಿಡುತ್ತದೆ.