ಹೊಸ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಬರುತ್ತಿದೆ ಅಂತ ಚಿಪ್, ಪರದೆ, ಬ್ಯಾಟರಿ ವಿವರದ ಸಮೇತ ಲೀಕ್ ಆಗಿದೆ, ಕೈಲಿರೋ ಸ್ಟೀಮ್ ಡೆಕ್ ಈಗಲೇ ಮಾರಿಬಿಡಲಾ? ಈ ಲೀಕ್ ಎಷ್ಟು ನಂಬಬಹುದು?

ಮಾರಬೇಡಿ. ಕೊನೇಪಕ್ಷ ಈ ವಾರ ಮಾರಬೇಡಿ.

"ಸೋನಿ ಏನೋ ಮಾಡ್ತಿದೆಯಂತೆ, ಅದು ಬಂದ ಮೇಲೆ ಡೆಕ್ ಯಾರೂ ಕೇಳಲ್ಲ, ಅದಕ್ಕೇ ಒಳ್ಳೇ ರೇಟ್ ಇರುವಾಗಲೇ..." ಅಂತ ಬರೆದಿದ್ದೀರಲ್ಲ, ಹೆಚ್ಚೂಕಮ್ಮಿ ಅದೇ ಮಾತನ್ನು 2021ರಲ್ಲಿ ನಾನು ಹೇಳಿದ್ದೆ. ಸೋನಿ ಜಾಗದಲ್ಲಿ ನಿಂಟೆಂಡೊ, ಡೆಕ್ ಜಾಗದಲ್ಲಿ ನಿಂಟೆಂಡೊದ ಗೇಮ್ ಯಂತ್ರ ಸ್ವಿಚ್. ಹೇಳಿದ್ದು ತಂಗಿಗೆ. "ನಂದೂ ಅದರಲ್ಲೇ ಇದೆಯಲ್ಲ ಅಣ್ಣ" ಅಂದಳು. "ಎಲ್ಲ ಕಾಪಿ ಮಾಡ್ಕೊಂಡಿದೀನಿ" ಅಂದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ವರ್ಷ ಮಾರ್ಚ್‌ನಲ್ಲಿ ಬಂದ ಸುದ್ದಿ ಇದು: ಹೊಸ ಸ್ವಿಚ್‌ಗೆ 7 ಇಂಚಿನ ಓಎಲ್‌ಇಡಿ ಪರದೆ, ಟಿವಿಗೆ ಜೋಡಿಸಿದರೆ 4ಕೆ, ಅಂದರೆ ಇನ್ನೂ ಸ್ಪಷ್ಟವಾದ ಚಿತ್ರ. ಬರೆದದ್ದು ಯಾವುದೋ ಮುಖವಿಲ್ಲದ ಖಾತೆಯಲ್ಲ, ಹೆಸರು ಮಾಡಿದ ಸುದ್ದಿಸಂಸ್ಥೆ. ಜನ ಅದಕ್ಕೆ 'ಸ್ವಿಚ್ ಪ್ರೋ' ಅಂತ ನಾಮಕರಣವನ್ನೂ ಮುಗಿಸಿದ್ದರು. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಯ ಬಣ್ಣಕ್ಕೇ ಜಗಳ ನಡೆಯುತ್ತಿತ್ತು. ಮೇ ಕೊನೆಗೆ ಇನ್ನೊಂದು ಸುದ್ದಿ: ಜೂನ್‌ನ ಇ3 ಗೇಮ್ ಮೇಳಕ್ಕೆ ಮುಂಚೆಯೇ ಘೋಷಣೆ ಆಗಬಹುದು, ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್‌ನಲ್ಲೋ ಮಾರಾಟ. ಗಾಳಿ ಬಂದಾಗ ತೂರಿಕೊಳ್ಳಬೇಕು ಅಂದುಕೊಂಡು ಜೂನ್ ಮೊದಲ ವಾರ ಮಾರಿಬಿಟ್ಟೆ. ಕೊಂಡವನು ಚೌಕಾಸಿ ಮಾಡದೆ ಹಣ ಕೊಟ್ಟ. ನಾನೆಷ್ಟು ಜಾಣ ಅಂತ ಒಂದೆರಡು ದಿನ ಬೀಗಿದೆ.

ಈಗ ಆ ಕಾಪಿಯ ಕಥೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ.

ಸ್ವಿಚ್‌ನಲ್ಲಿ ಮೈಕ್ರೋಎಸ್‌ಡಿ ಕಾರ್ಡ್ ಇತ್ತು. ಅದನ್ನು ತೆಗೆದು ಕಂಪ್ಯೂಟರಿಗೆ ಹಾಕಿ, ಇದ್ದ ಫೋಲ್ಡರ್‌ಗಳನ್ನೆಲ್ಲ ಎತ್ತಿಟ್ಟುಕೊಂಡೆ. ಗಂಟೆಗಟ್ಟಲೆ ಕಾಪಿ ಆಯಿತು. ಅಷ್ಟು ಹೊತ್ತು ಹಿಡಿದದ್ದರಿಂದಲೇ ಎಲ್ಲ ಬಂದಿದೆ ಅನ್ನೋ ಧೈರ್ಯ ಬಂತು. ಆಮೇಲೆ ಯಂತ್ರದ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲವನ್ನೂ ಅಳಿಸಿ, ಹೊಸದರಂತೆ ಮಾಡಿ ಕೊಟ್ಟೆ. ಅಳಿಸುವ ಮುಂಚೆ ಅದು ಎಚ್ಚರಿಕೆ ಕೊಡದೇ ಇರಲಿಲ್ಲ. ಕಾರ್ಡ್ ಇದೆಯಲ್ಲ ಅಂತ ಓದದೆ ಒತ್ತಿದೆ.

ನನಗೆ ಗೊತ್ತಿರದ ವಿಷಯ ಇಷ್ಟು. ಸ್ವಿಚ್‌ನ ಕಾರ್ಡ್‌ನಲ್ಲಿ ಇರೋದು ಡೌನ್‌ಲೋಡ್ ಮಾಡಿದ ಆಟ, ಅಪ್‌ಡೇಟ್, ಸ್ಕ್ರೀನ್‌ಶಾಟ್, ವಿಡಿಯೊ. ಆಟದಲ್ಲಿ ನೀವು ಎಲ್ಲಿದ್ದೀರಿ, ಏನು ಗಳಿಸಿದ್ದೀರಿ ಅನ್ನುವ ಸೇವ್ ಮಾತ್ರ ಯಂತ್ರದ ಒಳಗಿನ ಮೆಮೊರಿಯಲ್ಲೇ ಇರುತ್ತೆ, ಕಾರ್ಡ್‌ಗೆ ಹೋಗುವುದೇ ಇಲ್ಲ. ಅದನ್ನು ಹೊರತರಲು ಆಗ ಇದ್ದದ್ದು ಎರಡೇ ದಾರಿ. ಒಂದು, ಹಣ ಕೊಟ್ಟು ಆನ್‌ಲೈನ್ ಸದಸ್ಯತ್ವ ಪಡೆದು ಕ್ಲೌಡ್‌ಗೆ ಕಳಿಸೋದು. ಅದೂ ಎಲ್ಲ ಆಟಗಳಿಗೆ ಇಲ್ಲ. ಒಬ್ಬನೇ ಆಡುವವನಿಗೆ ಅದೆಲ್ಲ ಯಾಕೆ ಅಂತ ನಾನು ಸದಸ್ಯತ್ವ ಪಡೆದೇ ಇರಲಿಲ್ಲ. ಇನ್ನೊಂದು, ಹಳೇ ಯಂತ್ರದಿಂದ ಹೊಸ ಯಂತ್ರಕ್ಕೆ ನೇರವಾಗಿ ದಾಟಿಸೋದು. ಅದಕ್ಕೆ ದುಡ್ಡಿಲ್ಲ, ಆದರೆ ಎರಡೂ ಯಂತ್ರಗಳು ಒಂದೇ ಹೊತ್ತಿಗೆ ಕೈಯಲ್ಲಿರಬೇಕಿತ್ತು. ಅಂದರೆ ಮೊದಲು ಹೊಸದನ್ನು ಕೊಳ್ಳಬೇಕಿತ್ತು, ಆಮೇಲೆ ಹಳೆಯದನ್ನು ಮಾರಬೇಕಿತ್ತು. ನಾನು ಇನ್ನೂ ಹುಟ್ಟದ ಯಂತ್ರಕ್ಕಾಗಿ ಹಳೆಯದನ್ನು ಕೊಟ್ಟವನು. ಉಚಿತವಾಗಿದ್ದ ದಾರಿಯನ್ನು ಮುಚ್ಚಿದ್ದು ನನ್ನ ಅವಸರ. ಯಾರನ್ನೂ ದೂರುವಂತಿಲ್ಲ, ಎಲ್ಲ ಸಹಾಯದ ಪುಟದಲ್ಲೇ ಬರೆದಿತ್ತು.

ನನ್ನ ಸೇವ್ ಹೋದದ್ದಕ್ಕೆ ಅಷ್ಟು ಬೇಸರವಿಲ್ಲ. 'ಬ್ರೆತ್ ಆಫ್ ದಿ ವೈಲ್ಡ್'ನ ಕಥೆ ನಾನು ಎಂದೋ ಮುಗಿಸಿದ್ದೆ. ಅದೇ ಯಂತ್ರದಲ್ಲಿ ತಂಗಿಗೆ ಬೇರೆ ಪ್ರೊಫೈಲ್ ಇತ್ತು. ಆ ಆಟದಲ್ಲಿ ಕಲ್ಲಿನ ಕೆಳಗೆ, ಮರದ ತುದಿಯಲ್ಲಿ ಕೊರೊಕ್ ಅನ್ನುವ 900 ಪುಟ್ಟ ಜೀವಿಗಳು ಬಚ್ಚಿಟ್ಟುಕೊಂಡಿರುತ್ತವೆ. ಅವಳು ಯಾವ ನಕ್ಷೆಯನ್ನೂ ನೋಡದೆ 640ರ ತನಕ ಹುಡುಕಿದ್ದಳು. (900 ಮುಗಿಸಿದರೆ ಸಿಗೋದು ಚಿನ್ನದ ಬಣ್ಣದ, ಮಲದ ಆಕಾರದ ಒಂದು ಉಡುಗೊರೆ. ಅದು ಗೊತ್ತಿದ್ದೂ ಹುಡುಕುತ್ತಿದ್ದಳು.)

ಜೂನ್ 15ಕ್ಕೆ ನಿಂಟೆಂಡೊ ಕಾರ್ಯಕ್ರಮ ನಡೆಯಿತು. ಆಟಗಳನ್ನಷ್ಟೇ ತೋರಿಸಿದರು, ಯಂತ್ರದ ಸುಳಿವೇ ಇಲ್ಲ. ಕೊನೆಗೆ ಬಂದದ್ದು ಬ್ರೆತ್ ಆಫ್ ದಿ ವೈಲ್ಡ್‌ನ ಮುಂದಿನ ಭಾಗದ ಟ್ರೇಲರ್. ತಂಗಿ ಪಕ್ಕದಲ್ಲೇ ಕೂತಿದ್ದಳು, ನಾನು ಫೋನ್ ನೋಡುವವನಂತೆ ತಲೆ ತಗ್ಗಿಸಿದೆ. ಜುಲೈ 6ಕ್ಕೆ ಘೋಷಣೆ ಆಯಿತು: 7 ಇಂಚಿನ ಓಎಲ್‌ಇಡಿ, 64 ಜಿಬಿ, ಡಾಕ್‌ನಲ್ಲಿ (ಟಿವಿಗೆ ಜೋಡಿಸುವ ಪೀಠ) ಲ್ಯಾನ್ ಕಿಂಡಿ, ಅಗಲವಾದ ಸ್ಟ್ಯಾಂಡ್. 4ಕೆ ಇಲ್ಲ, ಟಿವಿಯಲ್ಲಿ ಹಳೆಯ 1080ಪಿ ಚಿತ್ರವೇ. ಮಾರಾಟ ಅಕ್ಟೋಬರ್ 8ಕ್ಕೆ. ಬೆಲೆ ಬಿದ್ದೇಹೋಗುತ್ತೆ ಅಂತ ನಾನು ಹೆದರಿ ಮಾರಿದ ಮಾದರಿಯನ್ನು ಅವರು ನಿಲ್ಲಿಸಲೂ ಇಲ್ಲ, ಹೊಸದರ ಪಕ್ಕದಲ್ಲೇ ಇಟ್ಟು ಮಾರಿದರು.

ಲೀಕ್ ಎಷ್ಟು ನಂಬಬಹುದು ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ನನ್ನನ್ನು ಕೆಡಿಸಿದ ಲೀಕ್ ಸುಳ್ಳಾಗಿರಲಿಲ್ಲ. ಪರದೆಯ ಅಳತೆ ಸರಿ, ಮಾರಾಟದ ತಿಂಗಳೂ ಸರಿ. 4ಕೆ ಕೂಡ ಬಂತು, ಸ್ವಿಚ್ 2ರ ಜೊತೆ, 2025ರ ಜೂನ್ 5ಕ್ಕೆ. ನಾಲ್ಕು ವರ್ಷ ತಡ, ಅಷ್ಟೇ. ಪೂರ್ತಿ ಸುಳ್ಳನ್ನು ಯಾರೂ ನಂಬಲ್ಲ, ನಂಬಿಸೋದು ಮುಕ್ಕಾಲು ನಿಜ.

ಸೋನಿಯದ್ದೇ ಬೇಕಾ? 2023ರಲ್ಲಿ "ಸೋನಿ ಹ್ಯಾಂಡ್‌ಹೆಲ್ಡ್ ಮಾಡ್ತಿದೆ" ಅಂದಾಗ ಸೋನಿಯ ಹಳೇ ಹ್ಯಾಂಡ್‌ಹೆಲ್ಡ್ ವೀಟಾ ಇಟ್ಟುಕೊಂಡಿದ್ದವರೆಲ್ಲ ಕುಣಿದರು. ಮಾತು ನಿಜವೇ ಆಯಿತು. ನವೆಂಬರ್‌ನಲ್ಲಿ ಬಂದದ್ದು ಪ್ಲೇಸ್ಟೇಷನ್ ಪೋರ್ಟಲ್: 8 ಇಂಚಿನ ಪರದೆ, ಆಗ ಆಟ ಓಡುತ್ತಿದ್ದದ್ದು ಮನೆಯಲ್ಲಿರುವ ಪಿಎಸ್5ರಲ್ಲಿ (ಪ್ಲೇಸ್ಟೇಷನ್ 5), ಅದು ವೈಫೈನಲ್ಲಿ ಬರುವ ಚಿತ್ರ ತೋರಿಸುತ್ತಿತ್ತು ಅಷ್ಟೇ. 'ಹ್ಯಾಂಡ್‌ಹೆಲ್ಡ್' ಅನ್ನುವ ಪದದಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಪೇಟೆಂಟ್ ಚಿತ್ರ ತೋರಿಸಿ ಕುಣಿಯುವವರನ್ನು ಬಿಟ್ಟುಬಿಡಿ. ನಾನು ಕಿವಿಗೊಡೋದು ಒಂದಕ್ಕೇ: ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯಂಥ ಕಡೆ ಸಲ್ಲಿಸಿದ ರೇಡಿಯೊ ದಾಖಲೆ. ವೈಫೈ ಇರುವ ಯಂತ್ರ ಆ ಅನುಮತಿ ಇಲ್ಲದೆ ಅಲ್ಲಿ ಮಾರಾಟಕ್ಕೆ ಬರುವಂತಿಲ್ಲ. ಅದು ಕಂಡರೂ ಮಾರಬೇಡಿ, ಕಂಪನಿಯ ಬಾಯಿಂದ ಬರಲಿ. ಅಷ್ಟು ಕಾದರೆ ಕಳೆದುಕೊಳ್ಳೋದೇನು? ಡೆಕ್‌ನ ಓಎಲ್‌ಇಡಿ ಮಾದರಿ 2023ರ ನವೆಂಬರ್ 9ಕ್ಕೆ ಘೋಷಣೆ ಆಗಿ 16ಕ್ಕೇ ಮಾರಾಟಕ್ಕೆ ಬಂತು. ಸ್ವಿಚ್ 2ಗೆ ಜನವರಿಯಿಂದ ಜೂನ್ ತನಕ ಸಮಯ ಸಿಕ್ಕಿತು. ಒಂದು ವಾರವೇ ಆಗಲಿ, ಐದು ತಿಂಗಳೇ ಆಗಲಿ, ಯೋಚಿಸಲು ಸಾಕು.

ಇನ್ನೊಂದು ಹೇಳಲೇಬೇಕು. ನಿಮ್ಮ ಪ್ರಶ್ನೆಯಲ್ಲಿ ಚಿಪ್ ಇದೆ, ಪರದೆ ಇದೆ, ಬ್ಯಾಟರಿ ಇದೆ. ನೀವು ಆಡುವ ಒಂದು ಆಟದ ಹೆಸರೂ ಇಲ್ಲ. ಡೆಕ್‌ನಲ್ಲಿ ಇರೋದು ನಿಮ್ಮ ಸ್ಟೀಮ್ ಲೈಬ್ರರಿ, ಅಂದರೆ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟಗಳು. ಇಲ್ಲಿಯ ತನಕ ಅದು ಯಾವ ಪ್ಲೇಸ್ಟೇಷನ್‌ನಲ್ಲೂ ಓಡಿಲ್ಲ. ಅಲ್ಲಿಗೆ ಹೋದರೆ ಆಟಗಳನ್ನೆಲ್ಲ ಮತ್ತೆ ಕೊಳ್ಳೋಕೆ ತಯಾರಿದ್ದೀರಾ? ಮಾರುವುದೇ ಆದರೆ ಸ್ಟೀಮ್ ಕ್ಲೌಡ್ ಇದೆ ಅಂತ ಮೈಮರೆಯಬೇಡಿ. ಅದನ್ನು ಕೊಡೋದು ಬಿಡೋದು ಆಯಾ ಆಟ ಮಾಡಿದವರ ಇಷ್ಟ, ಒಂದೊಂದೇ ಆಟದ ಪುಟ ತೆರೆದು ನೋಡಿ.

ತಂಗಿ ಆಮೇಲೆ ತಂದ ಓಎಲ್‌ಇಡಿ ಸ್ವಿಚ್‌ನಲ್ಲಿ ಆ ಆಟವನ್ನು ಮುಟ್ಟಲೇ ಇಲ್ಲ. ಸ್ವಿಚ್ 2 ಬಂದ ಮೇಲೆ ಮತ್ತೆ ಸೊನ್ನೆಯಿಂದ ಶುರು ಮಾಡಿದಳು. ಕೊರೊಕ್ ಇರುವ ಕಡೆಗೆ ದಾರಿ ಹೇಳುವ ಸೌಲಭ್ಯ ಈಗ ಫೋನ್ ಆ್ಯಪ್‌ನಲ್ಲೇ ಇದೆ. ತೋರಿಸಲು ಹೋದೆ, ಬೇಡ ಅಂದಳು. ಮೊನ್ನೆ ಕೇಳಿದಾಗ 212 ಆಗಿತ್ತು. ಕ್ಲೌಡ್ ಸದಸ್ಯತ್ವದ ಹಣ ನಾನೇ ಕಟ್ಟುತ್ತೇನೆ. ಅದು ಮುಗಿಯುವ ವಾರಕ್ಕೆ ಮುಂಚೆ ಅವಳೇ ಫೋನ್ ಮಾಡಿ ನೆನಪಿಸುತ್ತಾಳೆ.