ಅಂಗಡಿ ಮುಚ್ಚಿದೆ, ಸಾಲ ಸಂಬಳದವರೆಗೂ ಬಂದಿದೆ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನೊಬ್ಬನ ಹೆಸರಲ್ಲಿ ಬಟ್ಟೆ ಅಂಗಡಿ ಇತ್ತು. ನಷ್ಟವಾಗಿ ಮುಚ್ಚಿದೆ. ನಾಲ್ಕು ಕಡೆ ಸೇರಿ 14 ಲಕ್ಷ ಸಾಲ ಉಳಿದಿದೆ. ಈಗ ಖಾಸಗಿ ಕೆಲಸ, 40,000 ಸಂಬಳ. ಒಬ್ಬರು ಡಿಕ್ರಿ (ಸಾಲ ಕಟ್ಟಬೇಕೆಂಬ ಕೋರ್ಟ್ ತೀರ್ಪು) ಪಡೆದು ಸಂಬಳ ಜಪ್ತಿಗೆ ಹಾಕಿದ್ದಾರೆ. ಪೂರ್ತಿ ಹೋಗುತ್ತದಾ? ಪಾಪರ್ ಆದರೆ ಎಲ್ಲ ಮುಗಿಯುತ್ತದಾ?

ಉತ್ತರ: ಪೂರ್ತಿ ಹೋಗುವುದಿಲ್ಲ. ಇದೇ ಭಯಕ್ಕೆ ಇದ್ದ ಕೆಲಸವನ್ನೂ ಬಿಟ್ಟವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಒಂದು ಭಾಗ ಮಾತ್ರ ಹಿಡಿಯಬಹುದು. ನಿಮ್ಮ ಲೆಕ್ಕಕ್ಕೆ ತಿಂಗಳಿಗೆ 13,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದ ಮೇಲೆ, ಆ ಡಿಕ್ರಿಗೆ ಮತ್ತೆ ಸಂಬಳ ಹಿಡಿಯುವಂತಿಲ್ಲ. ಪಿಎಫ್ ಹಣಕ್ಕೂ ಕೈ ಹಾಕುವಂತಿಲ್ಲ. ಪ್ರತಿ ತಿಂಗಳ ಸಂಬಳ ಚೀಟಿ ಎತ್ತಿಡಿ. (ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ಬೇರೆ, ಮೂರರಲ್ಲಿ ಎರಡು ಭಾಗ ಹೋಗಬಹುದು.)

ಇನ್ನು ಪಾಪರ್ ಚೀಟಿ, ಅಂದರೆ ದಿವಾಳಿ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಅರ್ಜಿ ಹಾಕಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ವ್ಯಕ್ತಿಗಳ ವಿಚಾರದಲ್ಲಿ ಅದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಗಿದೆ. ನಿಮಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ದಿವಾಳಿ ಎಂದು ಕೋರ್ಟ್ ಘೋಷಿಸಿದರೆ ಸಾಲ ಅಲ್ಲಿಗೇ ತೀರುವುದಿಲ್ಲ. ನಿಮ್ಮ ಆಸ್ತಿ ಕೋರ್ಟಿನ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದವರು) ಕೈಗೆ ಹೋಗುತ್ತದೆ. ಕೋರ್ಟ್ ಕೊಟ್ಟ ಗಡುವಿನೊಳಗೆ ಸಾಲದಿಂದ ಬಿಡುಗಡೆಗೆ ಬೇರೆ ಅರ್ಜಿ ಹಾಕಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಗಡುವು ತಪ್ಪಿದರೆ ಘೋಷಣೆಯೇ ರದ್ದಾಗುತ್ತದೆ.

ಬಿಡುಗಡೆ ಸಿಕ್ಕರೂ ಸರ್ಕಾರದ ಬಾಕಿ ಉಳಿಯುತ್ತದೆ, ಮೋಸದಿಂದ ಮಾಡಿದ ಸಾಲವೂ ಉಳಿಯುತ್ತದೆ. ಅಡವಿಟ್ಟ ಮನೆಯನ್ನು ಬ್ಯಾಂಕ್ ಮಾರಬಹುದು. ನಿಮಗೆ ಯಾರಾದರೂ ಜಾಮೀನು ನಿಂತಿದ್ದರೆ ಅವರು ಸಿಕ್ಕಿಹಾಕಿಕೊಂಡೇ ಇರುತ್ತಾರೆ. ಅವರಿಗೆ ಇದನ್ನು ಮೊದಲೇ ಹೇಳಿ, ದಯವಿಟ್ಟು.

ಸೈಟನ್ನು ಹೆಂಡತಿ ಹೆಸರಿಗೆ ಬರೆದುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಕೇಳಲೇಬೇಡಿ! ದಿವಾಳಿ ಅರ್ಜಿ ಹಾಕುವುದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಕೊಟ್ಟ ದಾನಪತ್ರವನ್ನು ಕೋರ್ಟ್ ರದ್ದು ಮಾಡಬಹುದು. ಆಸ್ತಿ ಬಚ್ಚಿಟ್ಟರೆ ಜೈಲೂ ಆಗಬಹುದು.

ನಾನಾಗಿದ್ದರೆ ಮೊದಲು ನಾಲ್ವರನ್ನೂ ಕರೆದು, ಲೋಕ್ ಅದಾಲತ್‌ನಲ್ಲಿ ಕಂತಿಗೆ ರಾಜಿ ಮಾಡಿಕೊಳ್ಳುತ್ತಿದ್ದೆ. ಅದು ಮುರಿದುಬಿದ್ದರೆ ಮಾತ್ರ ದಿವಾಳಿ ಅರ್ಜಿ.

ಪ್ರಶ್ನೆ: ಪಾಪರ್ ಆದರೆ ಚೆಕ್ ಬೌನ್ಸ್ ಕೇಸು ಬಿದ್ದುಹೋಗುತ್ತದಾ?

ಉತ್ತರ: ಇಲ್ಲ. ಅದು ಕ್ರಿಮಿನಲ್ ಕೇಸು, ವಾಯಿದೆ ತಪ್ಪಿಸಬೇಡಿ.

ಪ್ರಶ್ನೆ: ರಾಜ್ಯದ ಹೊಸ ಕಾನೂನಿನಲ್ಲಿ ಫೈನಾನ್ಸ್ ಸಾಲ ಮನ್ನಾ ಮಾಡಿಸುತ್ತೇನೆ ಎಂದು ಏಜೆಂಟ್ 20,000 ಕೇಳುತ್ತಿದ್ದಾನೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಸಣ್ಣ ಸಾಲ ವಸೂಲಿಯ ಕಿರುಕುಳ ತಡೆಯುವ 2025ರ ಆ ಕಾನೂನು ಆರ್‌ಬಿಐ ನೋಂದಣಿ ಇರುವ ಸಂಸ್ಥೆಗಳ ಸಾಲ ಮನ್ನಾ ಮಾಡಿಲ್ಲ. ಆ 20,000ದಲ್ಲಿ ಬಾಕಿ ಕಂತು ಕಟ್ಟಿ.