ಹ್ಯಾಕಿಂಗ್ ಕೋರ್ಸಿಗೆ 90 ಸಾವಿರ ಕಟ್ಟೋದೋ ಬ್ಯಾಡೋ?

ಪ್ರಶ್ನೆ: ಸರ್, ನಮ್ದು ಮುಧೋಳ ತಾಲೂಕು. ಬಿಸಿಎ ಮುಗಿಸೀನಿ, ಹತ್ತನೇ ತನಕ ಕನ್ನಡ ಮೀಡಿಯಂ. ಸೈಬರ್ ಸೆಕ್ಯೂರಿಟಿ ಒಳಗ ಕೆಲಸ ಮಾಡ್ಬೇಕಂತ ಆಸೆ ಐತ್ರಿ. ಒಂದು ಇನ್‌ಸ್ಟಿಟ್ಯೂಟ್‌ನವ್ರು 6 ತಿಂಗಳ ಎಥಿಕಲ್ ಹ್ಯಾಕಿಂಗ್ ಕೋರ್ಸ್, 90 ಸಾವಿರ ಫೀ, ಜಾಬ್ ಗ್ಯಾರಂಟಿ ಅಂತಾರ. ಅಪ್ಪ ಕಬ್ಬಿನ ಬಿಲ್ ಬಂದ್ರ ಕಟ್ತೀನಿ ಅಂದಾರ. ಸೇರ್ಲೇನ್ರಿ?

ಉತ್ತರ: ತಂಗಿ, ಈಗ ಕಟ್ಟಬ್ಯಾಡ. ಜಾಬ್ ಗ್ಯಾರಂಟಿ ಅಂದವ್ರಿಗೆ ಹೋದ ಬ್ಯಾಚಿನವ್ರು ಯಾವ ಕಂಪನಿಯೊಳಗ ಯಾವ ಪೋಸ್ಟಿಗೆ ಸೇರ್ಯಾರ, ಅವ್ರ ಜೋಡಿ ಒಂದ್ಸಲ ಮಾತಾಡಸ್ರಿ ಅಂತ ಕೇಳಿ ನೋಡು, ಅಲ್ಲೇ ಅರ್ಧ ಗೊತ್ತಾಗ್ತೈತಿ.

ಹ್ಯಾಕಿಂಗ್ ಅಂತ ಜಾಹೀರಾತಿನ್ಯಾಗ ತೋರ್ಸೋ ಕೆಲಸಕ್ಕ ಕಂಪನಿಯೊಳಗ ಪೆನ್‌ಟೆಸ್ಟರ್ ಇಲ್ಲಾ ವಿಎಪಿಟಿ ಅಂತಾರ, ಅಂದ್ರ ಪರ್ಮಿಷನ್ ತಗೊಂಡು ಸಿಸ್ಟಮ್ ಮ್ಯಾಲ ದಾಳಿ ಮಾಡಿ ಎಲ್ಲಿ ತೂತು ಐತಿ ಅಂತ ಹುಡುಕೋದು. ಅದಕ್ಕ ಫ್ರೆಶರ್‌ನ ತಗೊಳ್ಳೋರು ಕಡಿಮಿ. ಹೊಸಬ್ರಿಗೆ ತೆರೆದಿರೋ ಬಾಗಿಲು ಎಸ್‌ಒಸಿ, ಅಂದ್ರ ಸೆಕ್ಯೂರಿಟಿ ಆಪರೇಷನ್ ಸೆಂಟರ್, ಅದ್ರಾಗ ಎಲ್ 1, ಅಂದ್ರ ಮೊದಲ ಹಂತದ ಅನಲಿಸ್ಟ್. ಕೆಲಸ ಏನಂದ್ರ ಕಂಪನಿಯ ಎಲ್ಲಾ ಸರ್ವರ್, ಲ್ಯಾಪ್‌ಟಾಪ್, ಫೈರ್‌ವಾಲ್ ಲಾಗ್ (ಏನೇನ್ ನಡೀತು ಅನ್ನೋ ದಾಖಲೆ) ಒಂದ ಸಾಫ್ಟ್‌ವೇರಿಗೆ ಬಂದು ಬೀಳ್ತಾವ, ಅದು ಅನುಮಾನ ಬಂದಲ್ಲೆಲ್ಲಾ ಅಲರ್ಟ್ ಕೊಡ್ತೈತಿ, ನೀ ಒಂದೊಂದೂ ಬಿಚ್ಚಿ ನೋಡಿ ಖರೇನೋ ಸುಳ್ಳೋ ಹೇಳ್ಬೇಕು. ವಿಂಡೋಸ್‌ನ್ಯಾಗ ಲಾಗಿನ್ ಫೇಲ್ ಆದ್ರ 4625, ಪಾಸ್ ಆದ್ರ 4624 ಅಂತ ನಂಬರ್ ಬರ್ತೈತಿ. ನಡುರಾತ್ರಿ ಒಂದ ಅಕೌಂಟ್ ಮ್ಯಾಲ ಸಾಲಾಗಿ 4625 ಬಂದು ಕಡೀಕ ಒಂದು 4624 ಬಿತ್ತಂದ್ರ ಯಾರೋ ಪಾಸ್‌ವರ್ಡ್ ಹೊಡದ್ರೋ, ಇಲ್ಲಾ ನಮ್ಮ ಮ್ಯಾನೇಜರ್ ಸಾಹೇಬ್ರು ಪಾಸ್‌ವರ್ಡ್ ಮರ್ತು ಒದ್ದಾಡಿದ್ರೋ? ಅದು ಯಾವ ಐಪಿಯಿಂದ (ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ) ಬಂತು, ಲಾಗಿನ್ ಆದಮ್ಯಾಲ ಏನ್ ಮಾಡ್ತು ನೋಡಿದ್ರ ತಿಳೀತೈತಿ. ಹೆಚ್ಚಿನ ಅಲರ್ಟ್‌ನ್ಯಾಗ ಏನೂ ಇರೂದಿಲ್ಲ, ಬ್ಯಾಸರ ಬರ್ತೈತಿ. ನೈಟ್ ಶಿಫ್ಟೂ ಇರ್ತೈತಿ, ಮನ್ಯಾಗ ಮೊದ್ಲೇ ಹೇಳಿಬಿಡು.

ಆದ್ರ ಈ ಕೆಲಸ ಯಾಕ ನಿಲ್ಲೂದಿಲ್ಲಂದ್ರ, ಸೈಬರ್ ದಾಳಿ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನ್ಯಾಗ ಒಂದು ಆದೇಶ ಹೊರಡ್ಸೇತಿ, ದಾಳಿ ಆಗಿದ್ದು ಗೊತ್ತಾದ 6 ತಾಸಿನೊಳಗ ವರದಿ ಮಾಡ್ಬೇಕು, ಲಾಗ್ 180 ದಿನ ಇಟ್ಕೋಬೇಕು ಅಂತ. 6 ತಾಸಿನೊಳಗ ಹೇಳ್ಬೇಕಂದ್ರ ರಾತ್ರಿಯೆಲ್ಲಾ ಯಾರರ ಕುಂತು ನೋಡ್ಲೇಬೇಕಲ್ಲ.

ಇದಕ್ಕ ಬೇಕಾದದ್ದು ಹ್ಯಾಕಿಂಗ್ ಮಾಡೋರು ಬಳಸೋ ‘ಕಾಲಿ ಲಿನಕ್ಸ್’ ಸಿಸ್ಟಮ್‌ನ ವಾಲ್‌ಪೇಪರ್ ಅಲ್ಲ. ಬ್ರೌಸರ್‌ನ್ಯಾಗ ಒಂದು ಅಡ್ರೆಸ್ ಹೊಡದ್ರ ಪೇಜ್ ಬರೂ ತನಕ ಏನೇನ್ ನಡೀತೈತಿ, ಡಿಎನ್‌ಎಸ್ ಏನ್ ಮಾಡ್ತು, 443 ಪೋರ್ಟ್ ಯಾಕ, ಇದನ್ನ ನಿನ್ನ ಗೆಳತಿಗೆ ತಿಳಿಯೋಹಂಗ ಹೇಳಾಕ ಬರ್ಬೇಕು, ಇಂಟರ್‌ವ್ಯೂನ್ಯಾಗ ಕೇಳೋದೂ ಇದನ್ನ. ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ನಿನ್ನ ಲ್ಯಾಪ್‌ಟಾಪಿನ ಟ್ರಾಫಿಕ್ ನೋಡು. ಲಿನಕ್ಸ್ ಕಮಾಂಡಿಗೆ ಓವರ್‌ದವೈರ್‌ನ ಬ್ಯಾಂಡಿಟ್ ಆಟ ಐತಿ, ವೆಬ್ ದಾಳಿ ತಿಳ್ಕೊಳ್ಳಾಕ ಪೋರ್ಟ್‌ಸ್ವಿಗರ್ ಅಕಾಡೆಮಿ ಐತಿ, ಎರಡೂ ಪುಕ್ಕಟೆ. ಆಮ್ಯಾಲ ವರ್ಚುವಲ್‌ಬಾಕ್ಸ್‌ನ್ಯಾಗ (ಒಂದ ಲ್ಯಾಪ್‌ಟಾಪಿನೊಳಗ ಇನ್ನೊಂದು ಕಂಪ್ಯೂಟರ್ ನಡ್ಸೋ ಸಾಫ್ಟ್‌ವೇರ್) ಲಾಗ್ ನೋಡಿ ಅಲರ್ಟ್ ಕೊಡೋ ವಾಝುಹ್ ಹಾಕಿ, ಇನ್ನೊಂದು ಮಷೀನ್‌ನಿಂದ ನೀನ ತಪ್ಪು ಪಾಸ್‌ವರ್ಡ್ ಹೊಡದು ಅಲರ್ಟ್ ಬರ್ತೈತೋ ಇಲ್ಲೋ ನೋಡು. ರ‍್ಯಾಮ್ 8 ಜಿಬಿ ಇದ್ರ ತಿಣುಕತೈತಿ, 16 ಇದ್ರ ಆರಾಮ. ಬೇಕಾದ್ರ ಆ 90 ಸಾವಿರದಾಗ ಒಂದಿಷ್ಟು ಅದಕ್ಕ ಖರ್ಚು ಮಾಡು.

ಆದ್ರ ನಿನ್ನ ಮಷೀನ್ ಬಿಟ್ಟು ಬ್ಯಾರೆಯವ್ರದ್ದು ಮುಟ್ಟಬ್ಯಾಡ. ಕಾಲೇಜ್ ವೆಬ್‌ಸೈಟ್ ಟೆಸ್ಟ್ ಮಾಡಿ ತೋರ್ಸೀನಿ ಅಂತ ಹುಡುಗ್ರು ಸ್ಟೇಟಸ್ ಹಾಕ್ತಾರಲ್ಲ, ಪರ್ಮಿಷನ್ ಇಲ್ದ ಮಾಡಿದ್ರ ಅದು ಐಟಿ ಆಕ್ಟ್ 66ನೇ ಸೆಕ್ಷನ್, 3 ವರ್ಷದ ತನಕ ಜೈಲು ಇಲ್ಲಾ 5 ಲಕ್ಷದ ತನಕ ದಂಡ, ಎರಡೂ ಬೀಳಬಹುದು.

ಕನ್ನಡ ಮೀಡಿಯಂ ಅಂತ ಹೆದರಬ್ಯಾಡ. ಶಿಫ್ಟ್ ಮುಗ್ಯಾಗ ಏನಾತು, ಏನ್ ನೋಡ್ದೆ, ಏನ್ ಉಳೀತು ಅಂತ ನಾಲ್ಕು ಸಾಲು ಇಂಗ್ಲಿಷ್‌ನ್ಯಾಗ ಬರ್ಯಾಕ ಬಂದ್ರ ಶುರು ಮಾಡಾಕ ಸಾಕು. ಪ್ರತಿ ಲ್ಯಾಬ್ ಮುಗಿಸಿದಮ್ಯಾಲ ಆ ನಾಲ್ಕು ಸಾಲು ಬರೀತಾ ಹೋಗು, ಅದ ನಿನ್ನ ರೆಸ್ಯೂಮಿಗೂ ಆಗ್ತೈತಿ. ಎರಡ್ಮೂರು ವರ್ಷ ಎಸ್‌ಒಸಿ ಮಾಡಿ ಆಮ್ಯಾಲ ಪೆನ್‌ಟೆಸ್ಟಿಂಗ್ ಬೇಕಂದ್ರ ಓಎಸ್‌ಸಿಪಿ ಸರ್ಟಿಫಿಕೇಟ್ ನೋಡು, 23 ತಾಸು 45 ನಿಮಿಷದ ಪ್ರಾಕ್ಟಿಕಲ್ ಪರೀಕ್ಷೆ ಅದು, ಗೈಡ್ ಓದಿ ಪಾಸಾಗೂದಲ್ಲ.

ಪ್ರಶ್ನೆ: ನಾನು ಬೆಳಗಾವಿಯ ಒಂದು ಅರ್ಬನ್ ಕೋಆಪರೇಟಿವ್ ಬ್ಯಾಂಕಿನ ಕಂಪ್ಯೂಟರ್ ಸೆಕ್ಷನ್‌ನಲ್ಲಿ 9 ವರ್ಷದಿಂದ ಇದ್ದೀನಿ. ಬಿಕಾಂ ಓದಿದ್ದು, ಕೋಡಿಂಗ್ ಬರಲ್ಲ. ಈ ಫೀಲ್ಡಿಗೆ ಬರಬಹುದಾ?

ಉತ್ತರ: ಸರ, ನೀವು ಆಗ್ಲೇ ಅರ್ಧ ಒಳಗ ಬಂದೀರಿ. ಯಾವ ಕ್ಲರ್ಕಿಗೆ ಯಾವ ಪವರ್ ಕೊಟ್ಟಾರ, ರಾಜೀನಾಮೆ ಕೊಟ್ಟವ್ರ ಐಡಿ ಬಂದ್ ಆಗೇತೋ ಇಲ್ಲೋ, ಬ್ಯಾಕಪ್ ಎಲ್ಲೈತಿ, ಇದನ್ನ ಪರೀಕ್ಷೆ ಮಾಡೋ ಕೆಲಸಕ್ಕ ಐಎಸ್ ಆಡಿಟ್, ಜಿಆರ್‌ಸಿ ಅಂತಾರ. ಅದಕ್ಕ ಕೋಡಿಂಗ್‌ಗಿಂತ ಬ್ಯಾಂಕ್ ಹೆಂಗ ನಡೀತೈತಿ ಅನ್ನೋದು ಗೊತ್ತಿರ್ಬೇಕು. 2018ರ ಆಗಸ್ಟ್‌ನ್ಯಾಗ ಪುಣೆಯ ಕಾಸ್ಮಾಸ್ ಬ್ಯಾಂಕಿನಿಂದ ಹ್ಯಾಕರ್ಸ್ ಸುಮಾರು 94 ಕೋಟಿ ಹೊಡದ್ರಲ್ಲ, ಅದೂ ಕೋಆಪರೇಟಿವ್ ಬ್ಯಾಂಕೇ. ಅದೇ ವರ್ಷದ ಅಕ್ಟೋಬರ್‌ನ್ಯಾಗ ಆರ್‌ಬಿಐ ಅರ್ಬನ್ ಬ್ಯಾಂಕುಗಳಿಗೆ ಸೈಬರ್ ಸೆಕ್ಯೂರಿಟಿ ನಿಯಮ ತಂತು, 2019ರ ಡಿಸೆಂಬರ್‌ನ್ಯಾಗ ಬ್ಯಾಂಕುಗಳನ್ನ ನಾಲ್ಕು ಲೆವೆಲ್ ಮಾಡಿ ಇನ್ನಷ್ಟು ಬಿಗಿ ಮಾಡ್ತು. ಆ ಎರಡು ಸರ್ಕ್ಯುಲರ್ ತಗದು ನಿಮ್ಮ ಬ್ಯಾಂಕ್ ಯಾವ ಲೆವೆಲ್‌ನ್ಯಾಗ ಐತಿ, ಏನೇನ್ ಬಾಕಿ ಐತಿ ಅಂತ ಒಂದು ಶೀಟ್ ಮಾಡಿ ಜಿಎಂ ಮುಂದ ಇಡ್ರಿ. ಜೋಡಿ ಐಎಸ್ ಆಡಿಟರ್ ಆಗೋರು ಬರಿಯೋ ಸಿಸಾ ಪರೀಕ್ಷೆಗೆ ಓದ್ರಿ. 5 ವರ್ಷದ ಸಂಬಂಧಪಟ್ಟ ಅನುಭವ ಕೇಳ್ತಾರ, ಆದ್ರ ಪರೀಕ್ಷೆ ಮೊದ್ಲು ಪಾಸ್ ಮಾಡಿ ಅನುಭವ ಆಮ್ಯಾಲ ತೋರ್ಸಬಹುದು.

ಪ್ರಶ್ನೆ: ಸರ್, ವಿಜಯಪುರದಾಗ ಪಿಯುಸಿ ಮುಗಿಸೀನಿ. ಸಿಇಟಿಯೊಳಗ ಸೈಬರ್ ಸೆಕ್ಯೂರಿಟಿ ಬ್ರಾಂಚೇ ತಗೋಬೇಕಾ, ಕಂಪ್ಯೂಟರ್ ಸೈನ್ಸ್ ಆದ್ರ ನಡೀತದಾ?

ಉತ್ತರ: ನಡೀತೈತಿ ತಮ್ಮಾ. ಬ್ರಾಂಚಿನ ಹೆಸರು ನೋಡಬ್ಯಾಡ, ಕಾಲೇಜ್ ನೋಡು. ಎರಡರಾಗೂ ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಓದೇ ಓದ್ತಿ, ಅವು ಮೂರು ಗಟ್ಟಿ ಮಾಡ್ಕೋ. ಕಾಲೇಜ್ ನೋಡಾಕ ಹೋದಾಗ ಲ್ಯಾಬ್ ಕಾಲೇಜ್ ಟೈಮ್ ಮುಗದಮ್ಯಾಲೂ ತಗದಿರ್ತೈತೇನು ಅಂತ ಸೀನಿಯರ್ ಹುಡುಗ್ರನ್ನ ಕೇಳು, ಪ್ರಿನ್ಸಿಪಾಲ್‌ರನ್ನಲ್ಲ.